ಅರ್ಜಿ ಬೆಂಗಳೂರಿಗೆ ಹೋಗಿ ಅದೇ ಟೇಬಲ್‌ಗೆ ವಾಪಸ್ ಬಂತು: ಮುಖ್ಯಮಂತ್ರಿ ಕೈಯಲ್ಲಿ ನಿಜಕ್ಕೂ ಏನಿದೆ?

ತೊಗರಿ ಹೊಲ, ಕಲಬುರಗಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ಶರಣು.

ನಮ್ಮಪ್ಪ ತೀರಿಕೊಂಡು ಎರಡು ವರ್ಷ ಆಯಿತು. ಹೊಲ ನನ್ನ ಹೆಸರಿಗೆ ಪೌತಿ ಖಾತೆ ಮಾಡಿಸುವಾಗ ಪಹಣಿಯಲ್ಲಿ ಒಂದು ಎಕರೆ ಕಡಿಮೆ ಬಿತ್ತು. 4 ಎಕರೆ 12 ಗುಂಟೆ ಇದ್ದದ್ದು 3 ಎಕರೆ 12 ಗುಂಟೆ ಆಗಿದೆ. ಹೊಲ ಎಲ್ಲಿಗೂ ಹೋಗಿಲ್ಲ, ಬದು ಅಲ್ಲೇ ಇದೆ, ಕಾಗದದಲ್ಲಿ ಮಾತ್ರ ಕರಗಿತು. ಖರೀದಿ ಕೇಂದ್ರದಲ್ಲಿ ಪಹಣಿಯ ಎಕರೆ ಲೆಕ್ಕದಲ್ಲೇ ತೊಗರಿ ತಗೋತಾರೆ. ಹಾಗಾಗಿ ಆ ಒಂದು ಎಕರೆಯ ಕಾಳು ಹೊರಗೆ ಕಡಿಮೆ ರೇಟಿಗೆ ಮಾರಿದೆ.

ಯಾವ ತಾಲ್ಲೂಕು ಅಂತ ಹೇಳಲ್ಲ. ಹನ್ನೊಂದು ಸಲ ಕಚೇರಿಗೆ ಹೋದೆ. ಕೊನೆಗೆ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಮುಖ್ಯಮಂತ್ರಿಗೆ ಅಂತ ಬರೆದ ಅರ್ಜಿ ಕೊಟ್ಟು ಬಂದೆ. ಒಂದೂವರೆ ತಿಂಗಳ ಮೇಲೆ ಕಾಗದ ಬಂತು. ನನ್ನ ಅರ್ಜಿಯನ್ನು "ನಿಯಮಾನುಸಾರ ಕ್ರಮಕ್ಕಾಗಿ" ಜಿಲ್ಲೆಗೆ ಕಳಿಸಿದ್ದಾರೆ, ಜಿಲ್ಲೆಯಿಂದ ತಾಲ್ಲೂಕಿಗೆ ಕಳಿಸಿದ್ದಾರೆ. ಹೋಗಿ ನೋಡಿದರೆ ಅದೇ ಟೇಬಲ್ ಮೇಲೆ, ಅದೇ ಫೈಲಿನ ಮೇಲೆ ಕೂತಿದೆ.

ಕೋಪಕ್ಕಿಂತ ಹೆಚ್ಚಾಗಿ ನನಗೆ ಗೊಂದಲ ಆಗಿದೆ. ರಾಜ್ಯದ ಮುಖ್ಯಮಂತ್ರಿಗೆ ಒಂದು ಎಕರೆ ಸರಿ ಮಾಡಿಸಲು ಆಗಲ್ಲ ಅಂದರೆ, ಅವರ ಕೈಯಲ್ಲಿ ಏನಿದೆ? ಗೊತ್ತಿದ್ದವರು ತಿಳಿಸಿ.

ಕೋಟೆ ಓಣಿ, ಬೀದರ್

ಅಣ್ಣಾ, ನಿಮ್ಮ ಹಾಗೆ ನಮ್ಮ ಮಾವನೂ ಹೋಗಿ ಬಂದರು. ಅವರದ್ದೂ ಇದೇ ಕಥೆ.

ನಿವೃತ್ತ ಶಿರಸ್ತೇದಾರ

ತಮ್ಮಾ, ನಾನು ಕಂದಾಯ ಇಲಾಖೆಯಲ್ಲಿ 34 ವರ್ಷ ಕೆಲಸ ಮಾಡಿದವನು. ಇಂಥ ಅರ್ಜಿಗಳನ್ನು ಈ ಕೈಯಲ್ಲೇ ತೆಗೆದುಕೊಂಡಿದ್ದೇನೆ. ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಪಹಣಿ ತಿದ್ದುವ ಅಧಿಕಾರವನ್ನು ಕಾನೂನು ಮುಖ್ಯಮಂತ್ರಿಗೆ ಕೊಟ್ಟಿಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯಲ್ಲಿ ಯಾರು ಏನು ಮಾಡಬೇಕು ಅಂತ ಬರೆದಿದೆ. ಮ್ಯುಟೇಷನ್ (ಖಾತೆ ಬದಲಾವಣೆ) ತಪ್ಪಾಗಿದ್ದರೆ 136(2) ಕಲಂ ಪ್ರಕಾರ ಎಸಿ, ಅಂದರೆ ಉಪವಿಭಾಗಾಧಿಕಾರಿ ಹತ್ತಿರ ಮೇಲ್ಮನವಿ ಹಾಕಬೇಕು. ಗೊತ್ತಾದ 60 ದಿನದೊಳಗೆ ಹಾಕಬೇಕು. ತಡ ಆಗಿದ್ದರೆ ಕಾರಣ ಬರೆದು ವಿಳಂಬ ಮನ್ನಾ ಮಾಡಿ ಅಂತ ಇನ್ನೊಂದು ಅರ್ಜಿ ಜೊತೆಗೆ ಇಡಬೇಕು. ಅಲ್ಲೂ ನ್ಯಾಯ ಸಿಗದಿದ್ದರೆ 136(3) ಪ್ರಕಾರ ಡಿಸಿ ಹತ್ತಿರ. ಮುಖ್ಯಮಂತ್ರಿ "ಈ ಎಕರೆ ಇವನಿಗೆ ಸೇರಿಸಿ" ಅಂತ ಬರೆದರೂ ಅದು ಆದೇಶ ಆಗುವುದಿಲ್ಲ. ಆಗಲೂ ಬಾರದು. ಇವತ್ತು ನಿನಗೆ ಸೇರಿಸಿದವರು ನಾಳೆ ಇನ್ನೊಬ್ಬರ ಮಾತು ಕೇಳಿ ನಿನ್ನದನ್ನು ತೆಗೆಯಬಹುದು, ಅಲ್ವಾ?

ಹಾಗಾದರೆ ಅವರ ಕೈಯಲ್ಲಿ ಏನಿದೆ ಅಂತ ಕೇಳಿದೆ. ಬಹಳ ಇದೆ. ಮಂತ್ರಿಗಳು ಯಾರು, ಯಾರಿಗೆ ಯಾವ ಖಾತೆ ಅಂತ ತೀರ್ಮಾನ ಮಾಡುವವರು ಅವರೇ, ರಾಜ್ಯಪಾಲರು ಅದಕ್ಕೆ ಸಹಿ ಹಾಕುತ್ತಾರೆ. ಸಚಿವ ಸಂಪುಟದ ಮುಂದೆ ಯಾವ ವಿಷಯ ಬರಬೇಕು ಅನ್ನುವುದೂ ಅವರದ್ದೇ. ಹಣಕಾಸು ಖಾತೆಯನ್ನು ಎಷ್ಟೋ ಮುಖ್ಯಮಂತ್ರಿಗಳು ತಾವೇ ಇಟ್ಟುಕೊಂಡರು. ಯಡಿಯೂರಪ್ಪ, ಕುಮಾರಸ್ವಾಮಿ, ಬಸವರಾಜ ಬೊಮ್ಮಾಯಿ, ಸಿದ್ದರಾಮಯ್ಯ, ಇವರೆಲ್ಲ ಮುಖ್ಯಮಂತ್ರಿ ಆಗಿದ್ದಾಗಲೇ ಬಜೆಟ್ ಓದಿದವರು. ದುಡ್ಡು ಎಲ್ಲಿಗೆ ಹೋಗಬೇಕು, ಯಾವ ಕಾನೂನು ಬರಬೇಕು, ಯಾವ ಹುದ್ದೆ ತುಂಬಬೇಕು, ಇದು ಮುಖ್ಯಮಂತ್ರಿ ಕೆಲಸ. ನಿನ್ನ ಎಕರೆ ಎಸಿ ಕೆಲಸ.

ತೊಗರಿ ಹೊಲ, ಕಲಬುರಗಿ

ಕಾಕಾರೇ, ತುಂಬಾ ಉಪಕಾರ. ಈ 136(2) ಬಗ್ಗೆ ಹನ್ನೊಂದು ಸಲ ಹೋದಾಗ ಒಬ್ಬರೂ ಬಾಯಿ ಬಿಡಲಿಲ್ಲ.

ನರ್ಸ್ ಅಕ್ಕ, ಯಾದಗಿರಿ

ಕಾಕಾ ಹೇಳಿದ್ದು ಸರಿ ಇದೆ, ಆದರೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಜನ ಸುಮ್ನೆ ಬೆಂಗಳೂರಿಗೆ ಹೋಗಲ್ಲ. ಹತ್ತಿರದ ಬಾಗಿಲು ಮುಚ್ಚಿದಾಗ ದೂರದ ಬಾಗಿಲು ಬಡಿಯುತ್ತಾರೆ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮೊದಲು ಏನಾದರೂ ಆದರೆ ಜಿಲ್ಲಾ ಪಂಚಾಯಿತಿ ಸದಸ್ಯರ ಮನೆಗೆ ಹೋಗುತ್ತಿದ್ದೆವು. ಅವರು ಕೆಡಿಪಿ ಸಭೆಯಲ್ಲಿ (ಇಲಾಖೆಗಳ ಪ್ರಗತಿ ಪರಿಶೀಲನೆ ಸಭೆ) ಎದ್ದು ನಿಂತು ಕೇಳುತ್ತಿದ್ದರು. ಆ ಮೆಟ್ಟಿಲೇ ಇಲ್ಲ ಅಂದರೆ, ಗ್ರಾಮ ಪಂಚಾಯಿತಿ ಆದ ಮೇಲೆ ನೇರ ಶಾಸಕರು, ಅವರು ಸಿಗದಿದ್ದರೆ ಮುಖ್ಯಮಂತ್ರಿ. ಮಧ್ಯದಲ್ಲಿ ನಾವು ಆರಿಸಿದವರು ಯಾರೂ ಇಲ್ಲ.

ಇನ್ನೊಂದು ಮಾತು. ನಾನು ಕೆಲಸ ಮಾಡುವ ಆಸ್ಪತ್ರೆಗೆ ಹೆರಿಗೆ ಡಾಕ್ಟರು ಬರುತ್ತಾರೆ, ಆರು ತಿಂಗಳು ಇರುತ್ತಾರೆ, ವರ್ಗ ಮಾಡಿಸಿಕೊಂಡು ಹೋಗುತ್ತಾರೆ. ರಾತ್ರಿ ಎರಡು ಗಂಟೆಗೆ ನೋವು ಕಾಣಿಸಿದ ಹೆಣ್ಣುಮಗಳನ್ನು ಆಂಬುಲೆನ್ಸ್‌ನಲ್ಲಿ ಕಲಬುರಗಿಗೆ ಕಳಿಸುವಾಗ ನಾನು ಪಕ್ಕದಲ್ಲಿ ಕೂತಿರುತ್ತೇನೆ. ಕೈ ಬಿಡಬೇಡ ಅಕ್ಕಾ ಅಂತಾಳೆ. ಸಾಮಾನ್ಯ ವರ್ಗಾವಣೆ ಅವಧಿ ಮುಗಿದ ಮೇಲೆ ಯಾರನ್ನಾದರೂ ವರ್ಗ ಮಾಡಬೇಕಾದರೆ ಮುಖ್ಯಮಂತ್ರಿಗಳ ಅನುಮೋದನೆ ಬೇಕು. ಅಂದರೆ ನಮ್ಮ ಡಾಕ್ಟರು ವರ್ಷದ ನಡುವೆ ಊರು ಬಿಟ್ಟು ಹೋಗುವುದೂ, ಉಳಿಯುವುದೂ ಅಲ್ಲಿನ ಒಂದು ಟಿಪ್ಪಣಿ ಮೇಲೆ ನಿಂತಿದೆ. ಇದು ಖಂಡಿತ ಅವರ ಕೈಯಲ್ಲೇ ಇದೆ.

ನಿವೃತ್ತ ಶಿರಸ್ತೇದಾರ

ಹೌದಮ್ಮಾ. ಇದನ್ನು ನಾನು ಮೊದಲೇ ಬರೆಯಬೇಕಿತ್ತು. ಬದಲಿ ಬರುವ ತನಕ ಬಿಡುಗಡೆ ಮಾಡಬೇಡಿ ಅನ್ನುವ ಒಂದು ಮಾತನ್ನು ಮುಖ್ಯಮಂತ್ರಿ ಗಟ್ಟಿಯಾಗಿ ಹಿಡಿದರೆ ಸಾಕು, ನಿನ್ನ ಆಸ್ಪತ್ರೆಯಂಥ ಎಷ್ಟೋ ಆಸ್ಪತ್ರೆಗಳು ಉಳಿಯುತ್ತವೆ.

ಕೆಎಎಸ್ ಓದುತ್ತಿರುವವಳು, ಕಲಬುರಗಿ

ಪರೀಕ್ಷೆಗೆ ಇದನ್ನೇ ಓದುತ್ತಿದ್ದೇನೆ. ಅದಕ್ಕೆ ಸ್ವಲ್ಪ ಸೇರಿಸುತ್ತೇನೆ.

ನಾವೆಲ್ಲ "ಮುಖ್ಯಮಂತ್ರಿಯನ್ನು ಆರಿಸಿದ್ದೇವೆ" ಅಂತೀವಿ. ನಾವು ಆರಿಸುವುದು ಶಾಸಕರನ್ನು. ಬಹುಮತ ಬಂದ ಪಕ್ಷದ ಶಾಸಕರು ತಮ್ಮ ನಾಯಕನನ್ನು ಆರಿಸುತ್ತಾರೆ, ರಾಜ್ಯಪಾಲರು ಅವರನ್ನು ನೇಮಿಸುತ್ತಾರೆ. ಇದು ಸಂವಿಧಾನದ 164ನೇ ವಿಧಿ. ಶಾಸಕರಲ್ಲದವರೂ ಮುಖ್ಯಮಂತ್ರಿ ಆಗಬಹುದು, ಆದರೆ ಆರು ತಿಂಗಳೊಳಗೆ ವಿಧಾನಸಭೆಗೋ ವಿಧಾನ ಪರಿಷತ್ತಿಗೋ ಬರಬೇಕು. ಎಷ್ಟು ಬೇಕಾದರೂ ಮಂತ್ರಿಗಳನ್ನು ಮಾಡುವ ಹಾಗೂ ಇಲ್ಲ. 2003ರ 91ನೇ ತಿದ್ದುಪಡಿ ಆದ ಮೇಲೆ ವಿಧಾನಸಭೆಯ ಬಲದ ಶೇ 15 ಮಾತ್ರ. ನಮ್ಮಲ್ಲಿ 224 ಸ್ಥಾನ, ಹಾಗಾಗಿ ಮುಖ್ಯಮಂತ್ರಿ ಸೇರಿ 34. ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರೆ ಇಡೀ ಮಂತ್ರಿಮಂಡಲ ಹೋಗುತ್ತದೆ. ಇಡೀ ಮಂತ್ರಿಮಂಡಲ ಒಟ್ಟಾಗಿ ವಿಧಾನಸಭೆಗೆ ಉತ್ತರ ಕೊಡಬೇಕು, ರಾಜ್ಯಪಾಲರಿಗಲ್ಲ. ನನಗೆ ಇದರಲ್ಲಿ ಬಹಳ ಇಷ್ಟ ಆಗಿದ್ದು ಈ ಕೊನೆಯ ಮಾತು.

ಕೋಟೆ ಓಣಿ, ಬೀದರ್

ತಂಗಿ, ಉಪ ಮುಖ್ಯಮಂತ್ರಿ ಅಂತ ಇರುತ್ತಾರಲ್ಲ, ಅವರಿಗೆ ಏನು ಅಧಿಕಾರ? ನಮ್ಮ ಭಾಗಕ್ಕೆ ಅದೊಂದು ಕೊಟ್ಟರೆ ಚಲೋ ಆಗುತ್ತದೆ ಅಂತ ನಮ್ಮ ಕಡೆ ಮಾತು ಇದೆ.

ಕೆಎಎಸ್ ಓದುತ್ತಿರುವವಳು, ಕಲಬುರಗಿ

ಅಣ್ಣಾ, ಸಂವಿಧಾನದಲ್ಲಿ ಆ ಹುದ್ದೆಯ ಹೆಸರೇ ಇಲ್ಲ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದು ಸಂವಿಧಾನಕ್ಕೆ ವಿರುದ್ಧ ಅಲ್ಲ ಅಂತ ಹೇಳಿತು. ಆದರೆ ಅಧಿಕಾರದ ಲೆಕ್ಕದಲ್ಲಿ ಅವರು ಉಳಿದ ಮಂತ್ರಿಗಳ ಹಾಗೇ. ಅವರ ಬಲ ಅವರು ಇಟ್ಟುಕೊಂಡ ಖಾತೆಯಲ್ಲಿ ಇರುತ್ತದೆ.

ಮೇಷ್ಟ್ರು, ಸುರಪುರ

ಪುಸ್ತಕದಲ್ಲಿ ಇರುವ ಮುಖ್ಯಮಂತ್ರಿ ಬೇರೆ, ಕುರ್ಚಿ ಮೇಲೆ ಕೂತ ಮುಖ್ಯಮಂತ್ರಿ ಬೇರೆ. ಇದನ್ನು ತಿಳಿಯಲು ನಾವು ಎಲ್ಲಿಗೂ ಹೋಗಬೇಕಿಲ್ಲ. ಕಲಬುರಗಿ ಜಿಲ್ಲೆಯವರೇ ಇಬ್ಬರು ಮುಖ್ಯಮಂತ್ರಿಗಳಾದರು. ಅವರಿಬ್ಬರಿಗೆ ಏನಾಯಿತು ನೋಡಿ.

ಚಿಂಚೋಳಿಯ ವೀರೇಂದ್ರ ಪಾಟೀಲರು. ಮೊದಲ ಸಲ 1968ರಲ್ಲಿ ಆದರು. ಎರಡನೇ ಸಲ 1989ರಲ್ಲಿ. ಆ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ 224ರಲ್ಲಿ 178 ಸ್ಥಾನ. ಅಷ್ಟು ದೊಡ್ಡ ಬಹುಮತ ಯಾರಿಗೆ ಸಿಗುತ್ತದೆ? ಆದರೂ ವರ್ಷ ತುಂಬುವ ಮೊದಲೇ, 1990ರ ಅಕ್ಟೋಬರ್‌ನಲ್ಲಿ, ಅವರು ಕಾಯಿಲೆಯಲ್ಲಿ ಇದ್ದಾಗಲೇ, ನಾಯಕತ್ವ ಬದಲು ಅಂತ ಅವರ ಪಕ್ಷದ ಅಧ್ಯಕ್ಷ ರಾಜೀವ್ ಗಾಂಧಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಹೇಳಿಬಿಟ್ಟರು. ನಾನು ಆಗ ಹೈಸ್ಕೂಲಿನಲ್ಲಿದ್ದೆ. ನಮ್ಮ ಮನೆಯಲ್ಲಿ ರೇಡಿಯೋ ಮುಂದೆ ನಮ್ಮಪ್ಪ ಸುಮ್ಮನೆ ಕೂತಿದ್ದರು. ಅವರು ಪಾಟೀಲರಿಗೆ ವೋಟು ಹಾಕಿದವರೂ ಅಲ್ಲ. "ನಮ್ಮ ಕಡೆಯವನು" ಅಂತ ಅಷ್ಟೇ ಹೇಳಿದರು.

ಇನ್ನೊಬ್ಬರು ಜೇವರ್ಗಿಯ ಧರ್ಮಸಿಂಗ್. 2004ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಬಿಜೆಪಿಗೆ 79, ಕಾಂಗ್ರೆಸ್‌ಗೆ 65, ಜೆಡಿಎಸ್‌ಗೆ 58. ಕಾಂಗ್ರೆಸ್, ಜೆಡಿಎಸ್ ಸೇರಿ ಸರ್ಕಾರ ಮಾಡಿದವು, ಧರ್ಮಸಿಂಗ್ ಮುಖ್ಯಮಂತ್ರಿ ಆದರು. ಇಪ್ಪತ್ತು ತಿಂಗಳಿಗೆ ಜೆಡಿಎಸ್ ಬೆಂಬಲ ಹೋಯಿತು, ಸರ್ಕಾರವೂ ಹೋಯಿತು.

ಒಬ್ಬರಿಗೆ 178 ಇದ್ದೂ ದೆಹಲಿಯ ಮಾತು ನಡೆಯಿತು. ಇನ್ನೊಬ್ಬರಿಗೆ 65 ಮಾತ್ರ, ಪಾಲುದಾರರ ಮಾತು ನಡೆಯಿತು. ಮುಖ್ಯಮಂತ್ರಿಯ ಬಲ ಅವರ ಹಿಂದೆ ಯಾರು ನಿಂತಿದ್ದಾರೆ ಅನ್ನುವುದರ ಮೇಲಿದೆ. ಹಾಗಂತ "ನಮ್ಮವರು ಆದರೆ ಸಾಕು" ಅನ್ನುವುದನ್ನು ನಾನು ಈಗ ನಂಬುವುದಿಲ್ಲ. ನಮ್ಮವರು ಆದಾಗಲೂ ಅವರನ್ನು ನಿಲ್ಲಿಸಿಕೊಳ್ಳುವ ಬಲ ನಮಗೆ ಇರಲಿಲ್ಲ.

ತೊಗರಿ ಹೊಲ, ಕಲಬುರಗಿ

ಮೇಷ್ಟ್ರೇ, ಓದಿ ಮನಸ್ಸು ಭಾರ ಆಯಿತು. ನಮ್ಮ ಅಜ್ಜ ಇನ್ನೊಂದು ಹೇಳುತ್ತಿದ್ದರು, ನಮ್ಮ ಮುಖ್ಯಮಂತ್ರಿ ಮೊದಲು ಹೈದರಾಬಾದಿನಲ್ಲಿ ಇರುತ್ತಿದ್ದರು ಅಂತ.

ಮೇಷ್ಟ್ರು, ಸುರಪುರ

ಸರಿಯಾಗೇ ಹೇಳಿದ್ದಾರೆ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1952ರಲ್ಲಿ ಹೈದರಾಬಾದ್ ರಾಜ್ಯದಲ್ಲಿ ಮೊದಲ ಚುನಾವಣೆ. ಬೂರ್ಗುಲ ರಾಮಕೃಷ್ಣ ರಾವ್ ಮುಖ್ಯಮಂತ್ರಿ ಆದರು. ಬೀದರ್, ಕಲಬುರಗಿ, ರಾಯಚೂರಿನವರು ವೋಟು ಹಾಕಿ ಕಂಡ ಮೊದಲ ಮುಖ್ಯಮಂತ್ರಿ ಅವರು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದಾಗ ನಿಜಲಿಂಗಪ್ಪನವರು. ಹತ್ತಿರದ ರಾಜಧಾನಿ ಬಿಟ್ಟು ಭಾಷೆಗಾಗಿ ಆರು ನೂರು ಕಿಲೋಮೀಟರ್ ದೂರದ ರಾಜಧಾನಿಯನ್ನು ನಾವೇ ಬಯಸಿ ಒಪ್ಪಿಕೊಂಡೆವು. ಆ ದೂರವನ್ನು ಕಡಿಮೆ ಮಾಡುವುದು ಅಲ್ಲಿ ಕೂತವರ ಕೆಲಸ ಅಂತ ನಾನು ನಂಬಿದ್ದೇನೆ.

ಕೋಟೆ ಓಣಿ, ಬೀದರ್

ಅದಕ್ಕೇ ಸಂಪುಟ ಸಭೆ ಇಲ್ಲಿ ನಡೆಯಬೇಕು ಅನ್ನುವುದು. 2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲೇ ಸಂಪುಟ ಸಭೆ ನಡೆಯಿತು. ನಮ್ಮ ಬೀದರ್ ನಗರಸಭೆಯನ್ನು ಮಹಾನಗರ ಪಾಲಿಕೆ ಮಾಡುವ ತೀರ್ಮಾನ ಆಗಿದ್ದು ಅಲ್ಲೇ. ಕೆಲವರು ಅದು ತೋರಿಕೆ ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ಕಾರ್ಯದರ್ಶಿಗಳು ಎಲ್ಲ ಇಲ್ಲಿ ಬಂದು ಇಳಿದರೆ, ಬರುವ ಮೊದಲು ನಮ್ಮ ಫೈಲುಗಳ ಧೂಳು ಒಂದು ಸಲ ಜಾಡಿಸುತ್ತಾರೆ.

ಆದರೆ ಒಂದು ರಾತ್ರಿ ಹಳ್ಳಿಯಲ್ಲಿ ಮಲಗಿ ಹೋಗುವುದರಿಂದ ಏನಾಗುತ್ತದೆ ಅನ್ನುವುದು ನನ್ನ ಪ್ರಶ್ನೆ. 2019ರ ಜೂನ್‌ನಲ್ಲಿ ಗುರುಮಠಕಲ್ ತಾಲ್ಲೂಕಿನ ಚಂಡರಕಿಯಲ್ಲಿ ಕುಮಾರಸ್ವಾಮಿಯವರ ಗ್ರಾಮ ವಾಸ್ತವ್ಯ ಆಯಿತು. ಮುಂದಿನ ತಿಂಗಳು 23ಕ್ಕೆ ವಿಶ್ವಾಸಮತದಲ್ಲಿ 99ಕ್ಕೆ 105 ಆಗಿ ಸರ್ಕಾರ ಬಿತ್ತು.

ನರ್ಸ್ ಅಕ್ಕ, ಯಾದಗಿರಿ

ಅಣ್ಣಾ, ಹಳ್ಳಿಗೆ ಬಂದದ್ದು ತಪ್ಪಲ್ಲ. ಬಂದು ಕಣ್ಣಿಂದ ನೋಡಿದವರಿಗೂ ಫೈಲಿನಲ್ಲಿ ಓದಿದವರಿಗೂ ವ್ಯತ್ಯಾಸ ಇದೆ. ಅಲ್ಲಿ ಜನ ಹೇಳಿಕೊಂಡದ್ದನ್ನು ಮುಂದಿನ ಮುಖ್ಯಮಂತ್ರಿ ತೆಗೆದು ನೋಡುವ ಪದ್ಧತಿ ಬೇಕು.

ಕೆಎಎಸ್ ಓದುತ್ತಿರುವವಳು, ಕಲಬುರಗಿ

ಸರ್ಕಾರ ಬೀಳುವ ಮಾತು ಬಂತಲ್ಲ, ಇದನ್ನು ಹೇಳಲೇಬೇಕು. ಸದನದಲ್ಲೇ ಬಲಾಬಲ ನೋಡಬೇಕು ಅನ್ನುವ ನಿಯಮ ದೇಶಕ್ಕೆ ಗಟ್ಟಿಯಾಗಿದ್ದು ನಮ್ಮ ರಾಜ್ಯದಿಂದ. 1989ರ ಏಪ್ರಿಲ್‌ನಲ್ಲಿ ಎಸ್. ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಕೆಲವು ಶಾಸಕರು ಬೆಂಬಲ ವಾಪಸ್ ಅಂತ ಪತ್ರ ಕೊಟ್ಟರು. ಸದನದಲ್ಲಿ ಬಹುಮತ ತೋರಿಸುತ್ತೇನೆ ಅಂತ ಬೊಮ್ಮಾಯಿ ಕೇಳಿಕೊಂಡರು. ಅವಕಾಶ ಕೊಡದೆ 356ನೇ ವಿಧಿ (ರಾಷ್ಟ್ರಪತಿ ಆಳ್ವಿಕೆ) ಹಾಕಿ ವಜಾ ಮಾಡಿದರು. 1994ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿತು: ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲಿ ತೀರ್ಮಾನ ಆಗಬೇಕು, ರಾಜಭವನದಲ್ಲಿ ಅಲ್ಲ. ಆ ತೀರ್ಪು ಬರುವಷ್ಟರಲ್ಲಿ ಐದು ವರ್ಷ ಹೋಗಿತ್ತು, ಬೊಮ್ಮಾಯಿಯವರ ಕುರ್ಚಿ ವಾಪಸ್ ಬರಲಿಲ್ಲ. ಆದರೆ ಅವರು ಬಿಡದೆ ಕೋರ್ಟಿಗೆ ಹೋದದ್ದರಿಂದ ಆಮೇಲಿನ ಎಷ್ಟೋ ಮುಖ್ಯಮಂತ್ರಿಗಳು ಉಳಿದರು. 2018ರ ಮೇ ತಿಂಗಳಲ್ಲಿ ಯಡಿಯೂರಪ್ಪನವರಿಗೆ ರಾಜ್ಯಪಾಲರು ಕೊಟ್ಟ 15 ದಿನವನ್ನು ಸುಪ್ರೀಂ ಕೋರ್ಟ್ ಕಡಿಮೆ ಮಾಡಿ ಬೇಗ ಸದನಕ್ಕೆ ಹೋಗಿ ಅಂದಿದ್ದೂ ಇದೇ ದಾರಿಯಲ್ಲಿ.

ತೊಗರಿ ಹೊಲ, ಕಲಬುರಗಿ

ತೊಗರಿ ರೇಟಿನ ವಿಷಯ ಕೇಳುತ್ತೇನೆ. ನಮ್ಮ ಕಡೆ ಎಲ್ಲರೂ ರೇಟ್ ಜಾಸ್ತಿ ಮಾಡಿ ಅಂತ ಮುಖ್ಯಮಂತ್ರಿಗೇ ಕೇಳುತ್ತಾರೆ. ಅದು ಅವರದ್ದೋ, ದೆಹಲಿಯದ್ದೋ?

ನಿವೃತ್ತ ಶಿರಸ್ತೇದಾರ

ಎರಡೂ. ಬೆಂಬಲ ಬೆಲೆ ನಿಗದಿ ಮಾಡುವುದು ಕೇಂದ್ರ. 2024-25ಕ್ಕೆ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು. ಅದರ ಮೇಲೆ ರಾಜ್ಯ ತನ್ನ ಕಡೆಯಿಂದ ಸೇರಿಸಬಹುದು. 2025ರ ಶುರುವಿನಲ್ಲಿ 450 ರೂಪಾಯಿ ಸೇರಿಸಿ 8,000 ಮಾಡಿದರು. ಆ 450 ಕೇಳುವುದು ಮುಖ್ಯಮಂತ್ರಿಗೆ. ಉಳಿದದ್ದು ನಮ್ಮ ಸಂಸದರಿಗೆ ಕೇಳಬೇಕು. ನೆರೆ ಬಂದಾಗಲೂ ಹೀಗೇ. ಮಳೆ ಆಧಾರಿತ ಬೆಳೆ ಹಾಳಾದರೆ ಹೆಕ್ಟೇರಿಗೆ 8,500 ಅನ್ನುವುದು ಆಗ ಕೇಂದ್ರದ ಮಾನದಂಡ ಆಗಿತ್ತು. 2025ರಲ್ಲಿ ಭೀಮಾ ನದಿ ಉಕ್ಕಿ ನಮ್ಮ ಜಿಲ್ಲೆಗಳು ಮುಳುಗಿದಾಗ ರಾಜ್ಯ ಇನ್ನೊಂದು 8,500 ಸೇರಿಸುವುದಾಗಿ ಹೇಳಿತು.

ಆದರೆ ನನ್ನ ಮನಸ್ಸಿನಲ್ಲಿ ಇರುವ ದೊಡ್ಡ ಮಾತು ಬೇರೆ. ನಿಮ್ಮಲ್ಲಿ ಯಾರಿಗಾದರೂ ಫಾರಂ 7 ಗೊತ್ತಾ?

ತೊಗರಿ ಹೊಲ, ಕಲಬುರಗಿ

ಕಾಕಾರೇ, ನಮ್ಮ ಹೊಲ ಬಂದದ್ದೇ ಫಾರಂ 7ರಿಂದ! ಅಜ್ಜ ಬೇರೆಯವರ ಹೊಲ ಪಾಲಿಗೆ ಮಾಡುತ್ತಿದ್ದರು.

ನಿವೃತ್ತ ಶಿರಸ್ತೇದಾರ

ಹಾಗಾದರೆ ನಿನ್ನ ಪ್ರಶ್ನೆಗೆ ಉತ್ತರ ನಿನ್ನ ಹೊಲದಲ್ಲೇ ಇದೆ. ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ ಭೂ ಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದರು. 1974ರ ಮಾರ್ಚ್ 1ರಿಂದ ಅದು ಜಾರಿ. ಉಳುವವನು ಫಾರಂ 7 ತುಂಬಿ ಕೊಟ್ಟರೆ ಭೂ ನ್ಯಾಯ ಮಂಡಳಿ ವಿಚಾರಣೆ ಮಾಡಿ ಹಕ್ಕು ಕೊಡುವ ವ್ಯವಸ್ಥೆ. ಅರಸು ಅವರು ನಿನ್ನ ಅಜ್ಜನ ಅರ್ಜಿಯನ್ನು ಕಣ್ಣಿಂದಲೂ ನೋಡಿರಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಅಜ್ಜ ರೈಲು ಹತ್ತಲಿಲ್ಲ. ತಾಲ್ಲೂಕಿನಲ್ಲೇ ಕೂತು ಹೊಲ ಪಡೆದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಮಂಡಳಿಯ ಕಡತಗಳನ್ನು ನೋಡಿದ್ದೇನೆ. ಹೆಬ್ಬೆಟ್ಟು ಒತ್ತಿದ ಹಾಳೆಗಳು, ಗಂಟು ಗಂಟು. ಒಂದೊಂದು ಹೆಬ್ಬೆಟ್ಟು ಒಂದೊಂದು ಮನೆ.

2011ರ ಸಕಾಲ ಕಾಯ್ದೆಯೂ ಅಂಥದ್ದೇ. ಇಂಥ ಸೇವೆ ಇಷ್ಟು ದಿನದಲ್ಲಿ ಆಗಬೇಕು, ತಡ ಮಾಡಿದರೆ ದಿನಕ್ಕೆ 20 ರೂಪಾಯಿಯಂತೆ 500ರ ತನಕ ಅರ್ಜಿದಾರನಿಗೆ ಕೊಡಬೇಕು. ಕಾನೂನು ಚಲೋ ಇದೆ. ಅದನ್ನು ಗಟ್ಟಿಯಾಗಿ ನಡೆಸುವವರು ಬೇಕು. ಅರ್ಜಿ ತೆಗೆದುಕೊಳ್ಳುವ ಮುಖ್ಯಮಂತ್ರಿಗಿಂತ, ಅರ್ಜಿ ಬರೆಯುವ ಅಗತ್ಯವನ್ನೇ ಕಡಿಮೆ ಮಾಡುವ ಮುಖ್ಯಮಂತ್ರಿ ನಮಗೆ ಬೇಕು.

ಮೇಷ್ಟ್ರು, ಸುರಪುರ

ಹಾಗಾದರೆ ನಾವು ಕೇಳಬೇಕಾದ್ದು 371(ಜೆ), ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ ವಿಧಿ. 98ನೇ ತಿದ್ದುಪಡಿ. ನಮ್ಮ ಭಾಗದ ಹುದ್ದೆಗಳಲ್ಲಿ ಸ್ಥಳೀಯರಿಗೆ ಎ, ಬಿ ಗುಂಪಿನಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85. ಕಾಗದದಲ್ಲಿ ಮೀಸಲು ಇದೆ, ಆದರೆ ಹುದ್ದೆಯನ್ನೇ ತುಂಬದಿದ್ದರೆ ಶೇ 80 ಯಾವುದರಲ್ಲಿ ಲೆಕ್ಕ ಹಾಕುವುದು? ನಮ್ಮ ಶಾಲೆಯಲ್ಲಿ ಗಣಿತಕ್ಕೆ ಅತಿಥಿ ಶಿಕ್ಷಕರೇ ಇದ್ದಾರೆ. ಪಾಪ, ಆ ಹುಡುಗ ಚೆನ್ನಾಗೇ ಕಲಿಸುತ್ತಾನೆ. ಅವನಿಗೆ ಸಂಬಳ ಯಾವಾಗ ಬರುತ್ತದೆ ಅಂತ ಅವನಿಗೇ ಗೊತ್ತಿಲ್ಲ.

ಕೆಎಎಸ್ ಓದುತ್ತಿರುವವಳು, ಕಲಬುರಗಿ

ಸರ್, ಇನ್ನೊಂದು ಇದೆ. 371(ಜೆ) ಪ್ರಕಾರ ನಮ್ಮ ಪ್ರದೇಶಾಭಿವೃದ್ಧಿ ಮಂಡಳಿ ಏನು ಕೆಲಸ ಮಾಡಿತು ಅನ್ನುವ ವರದಿ ಪ್ರತಿ ವರ್ಷ ವಿಧಾನಸಭೆ ಮುಂದೆ ಬರಬೇಕು. ಬಜೆಟ್‌ನಲ್ಲಿ ಮಂಡಳಿಗೆ 5,000 ಕೋಟಿ ಅಂತ ಓದಿದ್ದು ಎಲ್ಲರಿಗೂ ನೆನಪಿದೆ. ಅದರಲ್ಲಿ ಎಷ್ಟು ಬಿಡುಗಡೆ ಆಯಿತು, ಎಷ್ಟು ಖರ್ಚಾಯಿತು ಅಂತ ನಮ್ಮ ಶಾಸಕರು ಆ ವರದಿ ಹಿಡಿದು ಕೇಳಬೇಕು. ಆಗ ಮುಖ್ಯಮಂತ್ರಿ ಸದನದಲ್ಲಿ ಎದ್ದು ಉತ್ತರ ಕೊಡಲೇಬೇಕು. 2002ರಲ್ಲಿ ಪ್ರಾದೇಶಿಕ ಅಸಮತೋಲನ ನೋಡಿದ ನಂಜುಂಡಪ್ಪ ಸಮಿತಿ 114 ತಾಲ್ಲೂಕುಗಳು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಹೇಳಿತು. ನಾನು ಹುಟ್ಟಿದ ವರ್ಷ ಅದು. ನನ್ನ ತಾಲ್ಲೂಕು ಆ 39ರಲ್ಲಿದೆ.

ತೊಗರಿ ಹೊಲ, ಕಲಬುರಗಿ

ಎಲ್ಲರೂ ಇಷ್ಟು ಬರೆದಿದ್ದಕ್ಕೆ ಏನು ಹೇಳಲಿ. ಎರಡು ಕಾಗದ ಮಾಡುತ್ತೇನೆ. ಪಹಣಿದು ಎಸಿ ಹತ್ತಿರ, 136(2), ವಿಳಂಬ ಮನ್ನಾ ಅರ್ಜಿ ಸಮೇತ. ಕಾಕಾರೇ, ಹಾಕುವ ಮೊದಲು ನಿಮಗೆ ಒಂದು ಸಲ ತೋರಿಸುತ್ತೇನೆ.

ಎರಡನೆಯದು ಮುಖ್ಯಮಂತ್ರಿಗೆ. ಈ ಸಲ ನನ್ನ ಹೊಲದ್ದಲ್ಲ. ನಮ್ಮ ಮೂರು ಜಿಲ್ಲೆಯ ಖಾಲಿ ಹುದ್ದೆ, ಬದಲಿ ಇಲ್ಲದೆ ಡಾಕ್ಟರನ್ನು ಬಿಡಬೇಡಿ ಅನ್ನುವುದು, ಮಂಡಳಿಯ ವರದಿ. ಮೂರೇ ವಿಷಯ. ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸಲು ಮುಖ್ಯಮಂತ್ರಿ ಕಲಬುರಗಿಗೆ ಬರುತ್ತಾರಲ್ಲ, ಆಗ ಕೊಡೋಣ. ನಕಲು ಎಲ್ಲ ಶಾಸಕರಿಗೂ.

ನರ್ಸ್ ಅಕ್ಕ, ಯಾದಗಿರಿ

ನಾಲ್ಕನೆಯದು ಸೇರಿಸಿ ತಮ್ಮಾ. ಜಿಲ್ಲಾ ಪಂಚಾಯಿತಿ ಚುನಾವಣೆ.

ತೊಗರಿ ಹೊಲ, ಕಲಬುರಗಿ

ಸೇರಿಸಿದೆ ಅಕ್ಕಾ.

ಮೇಷ್ಟ್ರು, ಸುರಪುರ

ಸಹಿ ಹಾಕಲು ಯಾವ ದಿನ ಬರಬೇಕು ಹೇಳು. ಭಾನುವಾರ ಆದರೆ ನಮ್ಮ ಕಡೆಯಿಂದ ಇನ್ನೂ ಹತ್ತು ಜನ ಕರೆದುಕೊಂಡು ಬರುತ್ತೇನೆ.

ನಿವೃತ್ತ ಶಿರಸ್ತೇದಾರ

ಭಾನುವಾರವೇ ಆಗಲಿ, ನಮ್ಮ ಮನೆಯಲ್ಲಿ. ತಮ್ಮಾ, ಬರುವಾಗ ಅಜ್ಜನ ಫಾರಂ 7ರ ಆದೇಶದ ನಕಲು ತಗೊಂಡು ಬಾ. ಅದರಲ್ಲಿ 4 ಎಕರೆ 12 ಗುಂಟೆ ಅಂತ ಬರೆದಿದ್ದರೆ ನಿನ್ನ ಮೇಲ್ಮನವಿಗೆ ಅದಕ್ಕಿಂತ ಗಟ್ಟಿ ದಾಖಲೆ ಬೇಕಿಲ್ಲ.

ತೊಗರಿ ಹೊಲ, ಕಲಬುರಗಿ

ಈಗಷ್ಟೇ ಅವ್ವನ ಟ್ರಂಕಿನಲ್ಲಿ ಹುಡುಕಿದೆ ಕಾಕಾರೇ. ಸಿಕ್ಕಿತು. ಅಂಚು ಹರಿದಿದೆ, ಆದರೆ ಎಕರೆ ಗುಂಟೆ ಓದಲು ಬರುತ್ತದೆ. 4 ಎಕರೆ 12 ಗುಂಟೆ.